ಒತ್ತಕ್ಷರ ಒಡೆದ ತೆರೆ: ಹೊರನಾಡಿನ ಮನೆಗಣಕದಲ್ಲಿ ಕನ್ನಡದ ಪಾಡು

ಬೆಂಗಳೂರಿನಿಂದ ದೆಹಲಿಗೆ ಹೋಗುವ ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಒಮ್ಮೆಯಾದರೂ ಪಯಣಿಸಿದವರಿಗೆ ಮನ್ಮಾಡ್ ಎಂಬ ಹೆಸರು ಪರಿಚಿತ. ನಾಸಿಕ ಜಿಲ್ಲೆಯ ಈ ಜಂಕ್ಷನ್ನಿಗೆ ಹಳೆಯದೊಂದು ತೊಡಕಿನ ಚರಿತ್ರೆಯಿದೆ. ಮುಂಬಯಿಯ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿ ಬ್ರಾಡ್‌ಗೇಜಿನದು. 1900ರ ಸುಮಾರಿಗೆ ಸಿಕಂದರಾಬಾದಿನಿಂದ ಹೊರಟು ಔರಂಗಾಬಾದನ್ನು ಹಾದು ಇಲ್ಲಿಗೆ ತಲುಪಿದ ನಿಜಾಮ್ ಸೀಮೆಯ ಹಳಿ ಮೀಟರ್‌ಗೇಜಿನದು. ಒಂದರ ಅಗಲ 1676 ಮಿಲಿಮೀಟರ್, ಇನ್ನೊಂದರದು 1000. ಹತ್ತಿಯೋ ಜೋಳವೋ, ಸರಕು ಏನೇ ಇರಲಿ, ಮನ್ಮಾಡಿನಲ್ಲಿ ಇಳಿಯಬೇಕು, ಮತ್ತೊಂದು ಬಂಡಿಗೆ ಏರಬೇಕು. ಔರಂಗಾಬಾದಿನ ಹಳಿ ಬ್ರಾಡ್‌ಗೇಜಿಗೆ ಬದಲಾದದ್ದು 1990ರ ದಶಕದಲ್ಲಿ. ಸರಕಿನಲ್ಲಿ ದೋಷವಿರಲಿಲ್ಲ, ಬಂಡಿಯಲ್ಲಿಯೂ ಇರಲಿಲ್ಲ. ಇಬ್ಬರು ಹಳಿ ಹಾಸಿದವರ ಅಳತೆ ಬೇರೆಯಾಗಿತ್ತು, ಅಷ್ಟೆ.

ಕಾಕತಾಳೀಯವೆಂಬಂತೆ, ಮನ್ಮಾಡಿನ ಹಳಿಗಳು ಒಂದಾಗುತ್ತಿದ್ದ ಅದೇ ದಶಕದಲ್ಲಿ ಕನ್ನಡದ ಬರಹ ಗಣಕಗಳೊಳಗೆ ಬೇರೆ ಬೇರೆ ಹಳಿಗಳ ಮೇಲೆ ಓಡತೊಡಗಿತು. ಬೆಂಗಳೂರಿನಲ್ಲಿ ಏರಿದ ಬರಹ ನಾಸಿಕದ ಮನೆಯೊಂದರ ತೆರೆಯ ಮೇಲೆ ಇಳಿಯುವಾಗ ಗುರುತು ಸಿಗದಂತಾಗುತ್ತಿತ್ತು. ಅದನ್ನು ಕಂಡವರೆಲ್ಲ 'ಪರದೆ ಕೆಟ್ಟಿದೆ' ಎಂದೇ ತಿಳಿದರು. ಕೆಟ್ಟದ್ದು ಪರದೆಯಲ್ಲ ಎಂಬುದನ್ನು, ಆ ತಪ್ಪು ನಿದಾನ ಹೊರನಾಡ ಕನ್ನಡಿಗರಿಗೆ ಎಷ್ಟು ದುಬಾರಿಯಾಯಿತೆಂಬುದನ್ನು ಇಲ್ಲಿ ಬರೆದಿಡಬೇಕೆಂದು ನಮಗನ್ನಿಸಿದೆ.

ನಾಸಿಕ, ಮನ್ಮಾಡ್, ಸಂಭಾಜಿನಗರದ ಪಟ್ಟಿಯಲ್ಲಿ ಕನ್ನಡಿಗರು ಇಂದು ನಿನ್ನೆಯವರಲ್ಲ. ಓಝರಿನ ಎಚ್‌ಎಎಲ್ ವಿಮಾನ ಕಾರ್ಖಾನೆ, ರೈಲ್ವೆ, ಬ್ಯಾಂಕಿನ ವರ್ಗಾವಣೆ, ಹೋಟೆಲು, ಹೀಗೆ ದಾರಿಗಳು ಹಲವು. 1956ರವರೆಗೆ ಔರಂಗಾಬಾದೂ ಕಲಬುರಗಿಯೂ ಒಂದೇ ಹೈದರಾಬಾದ್ ರಾಜ್ಯದ ಜಿಲ್ಲೆಗಳಾಗಿದ್ದವು. ಕನ್ನಡನಾಡಿನ ಬಡಗಣ ಎಲ್ಲೆಯೆಂದು ಕವಿರಾಜಮಾರ್ಗ ಹೆಸರಿಸುವ ಗೋದಾವರಿ ಹುಟ್ಟುವುದು ಈ ಜಿಲ್ಲೆಯಲ್ಲಿಯೇ. (ಸಂಭಾಜಿನಗರ ಜಿಲ್ಲೆಯಲ್ಲಿ 'ಕನ್ನಡ್' ಎಂಬ ಹೆಸರಿನ ತಾಲ್ಲೂಕೇ ಇದೆ, ಹೊಸದಾಗಿ ಬಂದವರು ಬಸ್ಸಿನ ಫಲಕ ನೋಡಿ ಒಂದು ಕ್ಷಣ ಬೆರಗಾಗುವುದುಂಟು.) ಆದರೂ ದಿನನಿತ್ಯದಲ್ಲಿ ಕಣ್ಣಿಗೆ ಬೀಳುವುದೆಲ್ಲ ದೇವನಾಗರಿ. ಪತ್ರಿಕೆ ಸಿಗುವುದು ತಡವಾಗಿ, ಇಲ್ಲವೇ ಸಿಗದು. ಇಂತಹ ಊರುಗಳಲ್ಲಿ ಮನೆಯ ಗಣಕದ ತೆರೆಯೇ ಕನ್ನಡ ಓದಲು ಉಳಿದ ಏಕೈಕ ಅಂಗಳವಾಯಿತು. ಆದುದರಿಂದ ಅಲ್ಲಿ ಕನ್ನಡ ಒಡೆದು ಕಾಣುವುದು ಬೆಂಗಳೂರಿನವರಿಗೆ ಕಿರಿಕಿರಿಯಾದರೆ ಇಲ್ಲಿಯವರಿಗೆ ಬಾಗಿಲು ಮುಚ್ಚಿದಂತೆ.

ಮೂಲದಿಂದಲೇ ಆರಂಭಿಸೋಣ. 1981ರ ಐಬಿಎಂ ಪಿಸಿಯ ತೆರೆಯನ್ನು ಅಕ್ಷರಗಳಿಗಾಗಿ 25 ಸಾಲುಗಳಾಗಿ, ಸಾಲಿಗೆ 80 ಮನೆಗಳಾಗಿ ಹಂಚಲಾಗಿತ್ತು. ಒಂದು ಮನೆಗೆ ಒಂದೇ ಅಕ್ಷರ. ಅದರ ಆಕೃತಿ ಡಿಸ್‌ಪ್ಲೇ ಕಾರ್ಡಿನ ಚಿಪ್ಪಿನಲ್ಲಿ ಅಚ್ಚೊತ್ತಿದಂತೆ ಕುಳಿತಿರುತ್ತಿತ್ತು. ಬಣ್ಣದ ಸಿಜಿಎ ಕಾರ್ಡಿನಲ್ಲಿ ಒಂದು ಮನೆಯ ಅಳತೆ 8 ಬಿಂದು ಅಗಲ, 8 ಬಿಂದು ಎತ್ತರ. ಇಂಗ್ಲಿಷಿನ ಅಕ್ಷರಗಳು ಸಾಲಾಗಿ ಒಂದರ ಪಕ್ಕ ಒಂದು ನಿಲ್ಲುವಂಥವಾದ್ದರಿಂದ ಈ ಏರ್ಪಾಡು ಅವಕ್ಕೆ ಸಾಕಾಯಿತು. ಕನ್ನಡಕ್ಕೆ ಮಹಡಿ ಬೇಕು, ನೆಲಮಾಳಿಗೆಯೂ ಬೇಕು. ಮೇಲೆ ಗುಡಿಸು, ನಡುವೆ ಅಕ್ಷರದ ಮೈ, ಕೆಳಗೆ ಒತ್ತು. 'ಸ್ತ್ರೀ' ಎಂಬ ಒಂದೇ ಅಕ್ಷರವನ್ನು ಎಂಟು ಬಿಂದುಗಳ ಎತ್ತರದಲ್ಲಿ ಕೂರಿಸಬಲ್ಲ ಶಿಲ್ಪಿ ಹುಟ್ಟಿಲ್ಲ.

ಇದಕ್ಕೆ ಮೊದಲ ಉತ್ತರ ಬಂದದ್ದು ಯಂತ್ರಾಂಶದಿಂದಲೇ. ಕಾನ್ಪುರದ ಐಐಟಿಯಲ್ಲಿ ಮೊಳೆತು, 1988ರಲ್ಲಿ ಸ್ಥಾಪನೆಯಾದ ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಬೆಳೆದ ಜಿಸ್ಟ್ ತಂತ್ರಜ್ಞಾನ ಅದು. ಮೋಹನ್ ತಾಂಬೆಯವರ ಹೆಸರು ಅದರೊಂದಿಗೆ ಸೇರಿಕೊಂಡಿದೆ. ಗಣಕದ ಹೊಟ್ಟೆಯೊಳಗೆ ಹೆಚ್ಚುವರಿ ಕಾರ್ಡೊಂದನ್ನು ಚುಚ್ಚಿದರೆ, ತೆರೆಗೆ ಹೋಗುವ ಸಂಕೇತವನ್ನು ಅದು ನಡುವೆಯೇ ಹಿಡಿದು ಭಾರತೀಯ ಲಿಪಿಯಾಗಿ ಚಿತ್ರಿಸುತ್ತಿತ್ತು. ಇದರ ಹಿಂದಿದ್ದ ಇಸ್ಕಿ ಎಂಬ ಸಂಕೇತಕ್ರಮ 1991ರಲ್ಲಿ ರಾಷ್ಟ್ರೀಯ ಶಿಷ್ಟತೆಯಾಯಿತು. ಬ್ರಾಹ್ಮಿಯಿಂದ ಕವಲೊಡೆದ ಲಿಪಿಗಳಿಗೆಲ್ಲ ಒಂದೇ ಸಂಕೇತ: 'ಕ' ಎಲ್ಲ ಲಿಪಿಯಲ್ಲಿಯೂ ಒಂದೇ ಸಂಖ್ಯೆ. ಲಿಪಿ ಬದಲಿಸಿದರೆ ತೆರೆಯ ಮೇಲಿನ ಕನ್ನಡದ ಸಾಲೇ ದೇವನಾಗರಿಯಾಗಿ ನಿಲ್ಲುತ್ತಿತ್ತು. ಮಹಾರಾಷ್ಟ್ರದಲ್ಲಿ ಬೆಳೆದ, ಕನ್ನಡ ಮಾತು ಬಲ್ಲ ಆದರೆ ಲಿಪಿ ಬಾರದ ನಮ್ಮ ಮಕ್ಕಳಿಗೆ ಇದಕ್ಕಿಂತ ಒಪ್ಪುವ ಸಾಧನ ಇನ್ನೊಂದಿರಲಿಲ್ಲ. ಆದರೆ ಅದು ಕಚೇರಿಗಳ ಸೊತ್ತಾಗಿಯೇ ಉಳಿಯಿತು, ಮನೆಗಳಿಗೆ ಬರಲಿಲ್ಲ.

ಮನೆಗೆ ಬಂದದ್ದು ವಿಂಡೋಸ್, ಅದರೊಂದಿಗೆ ಟ್ರೂಟೈಪ್ ಫಾಂಟು. ತೆರೆ ಈಗ ಮನೆಮನೆಯಾಗಿ ಹಂಚಿದ್ದಲ್ಲ, ಬಿಂದುಗಳ ಬಯಲು. ಏನನ್ನು ಬೇಕಾದರೂ ಬಿಡಿಸಬಹುದು. ಆದರೆ ಫಾಂಟಿನೊಳಗೆ ಇದ್ದ ಸ್ಥಾನಗಳು 256 ಮಾತ್ರ, ಅವೂ ಇಂಗ್ಲಿಷ್ ಹಾಗೂ ಐರೋಪ್ಯ ಅಕ್ಷರಗಳಿಗೆಂದು ಗೊತ್ತುಮಾಡಿದವು. ಕನ್ನಡದ ಗುಣಿತಾಕ್ಷರ ಒತ್ತಕ್ಷರಗಳೆಲ್ಲ ಅಲ್ಲಿ ಹಿಡಿಸವು. ನಮ್ಮವರು ಅಚ್ಚುಕೂಟದ ಜಾಣ್ಮೆಯನ್ನು ನೆನೆದರು. ಮೊಳೆ ಜೋಡಿಸುವವನು ಅಕ್ಷರವನ್ನು ತುಂಡುತುಂಡಾಗಿ ಕೂಡಿಸುವಂತೆ, ತಲೆಕಟ್ಟಿಲ್ಲದ ಮೈ ಒಂದು ಸ್ಥಾನದಲ್ಲಿ, ತಲೆಕಟ್ಟು ಮತ್ತೊಂದರಲ್ಲಿ, ಗುಡಿಸು, ಕೊಂಬು, ದೀರ್ಘ, ಒತ್ತುಗಳು ಬೇರೆ ಬೇರೆ ಸ್ಥಾನಗಳಲ್ಲಿ. ಶ್ರೀಲಿಪಿ, ಆಕೃತಿ, ಪ್ರಕಾಶಕ ಮೊದಲಾದ ತಂತ್ರಾಂಶಗಳು ಹೀಗೆಯೇ ನಡೆದವು, ಆದರೆ ಯಾವ ತುಂಡು ಯಾವ ಸ್ಥಾನದಲ್ಲಿ ಎಂಬುದನ್ನು ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಹಂಚಿಕೊಂಡರು. ಹಳಿಯ ಅಗಲ ಬೇರೆಯಾದದ್ದು ಇಲ್ಲಿ.

ಈ ಕಾಲದ ದೊಡ್ಡ ಮನಸ್ಸುಗಳನ್ನು ನೆನೆಯದೆ ಮುಂದೆ ಹೋಗುವುದು ಸಲ್ಲದು. ಕೆ. ಪಿ. ರಾಯರು ಸ್ವರಕ್ಕೊಂದು ವ್ಯಂಜನಕ್ಕೊಂದು ಕೀಲಿ ಸಾಕೆಂದು ತೋರಿಸಿ, ಒತ್ತು ಗುಣಿತಗಳನ್ನು ತರ್ಕಕ್ಕೆ ಬಿಟ್ಟು, ಆ ಕೀಲಿಮಣೆಯನ್ನೂ 'ಸೇಡಿಯಾಪು' ತಂತ್ರಾಂಶವನ್ನೂ ಹಣ ಕೇಳದೆ ಹಂಚಿದರು. ಅಮೆರಿಕದಲ್ಲಿದ್ದ ಶೇಷಾದ್ರಿವಾಸು ಚಂದ್ರಶೇಖರನ್ 1998ರಲ್ಲಿ 'ಬರಹ'ವನ್ನು ಉಚಿತವಾಗಿ ಬಿಡುಗಡೆ ಮಾಡಿದರು. ಬೆಂಗಳೂರಿನ ಕನ್ನಡ ಗಣಕ ಪರಿಷತ್ತು ಕೆಲವೇ ವರ್ಷಗಳಲ್ಲಿ ಸರ್ಕಾರದ ಶಿಷ್ಟತೆಯಂತೆ 'ನುಡಿ'ಯನ್ನು ತಂದಿತು. ಬರಹ, ನುಡಿಗಳ ಹಳೆಯ ಫಾಂಟುಗಳ ಹಂಚಿಕೆ ಬಹುಮಟ್ಟಿಗೆ ಒಂದೇ ಆದದ್ದು ನಮ್ಮ ಪುಣ್ಯ. ಇಲ್ಲವಾದರೆ ಇಂದಿನ ಗೋಳು ಇಮ್ಮಡಿಯಾಗುತ್ತಿತ್ತು. ಹೊರನಾಡಿನ ಮನೆಗಣಕಕ್ಕೆ ಕನ್ನಡ ಬಂದದ್ದು ಬಹುಪಾಲು ಬರಹದ ಮೂಲಕ ಎಂದೇ ನಮ್ಮ ಎಣಿಕೆ.

ಆದರೆ ಈ ಏರ್ಪಾಡಿನ ಒಳಗುಟ್ಟನ್ನು ನೋಡಬೇಕು. ನುಡಿಯಲ್ಲಿ 'ಕನ್ನಡ' ಎಂದು ಬರೆದು ಉಳಿಸಿದರೆ, ಗಣಕದ ಕಡತದಲ್ಲಿ ಕನ್ನಡವೆಂಬುದೇ ಇರುವುದಿಲ್ಲ. ಅಲ್ಲಿರುವುದು ಇಂಗ್ಲಿಷಿನ 'ಪಿ', ನೆತ್ತಿಯ ಮೇಲೆ ಓರೆಗೆರೆಯಿರುವ ಫ್ರೆಂಚರ 'ಎ', ಬ್ರಿಟಿಷರ ಪೌಂಡಿನ ಗುರುತು, ಮತ್ತೊಂದು ಓರೆಗೆರೆಯ 'ಎ', ಜರ್ಮನರ ಜೋಡಿ 'ಎಸ್', ಕೊನೆಗೆ ಸಣ್ಣ 'ಕ್ಯೂ', ಇನ್ನೊಂದು ಓರೆಗೆರೆಯ 'ಎ'. ಆ 'ಎ'ಗಳೆಲ್ಲ ತಲೆಕಟ್ಟುಗಳು. ಜರ್ಮನರ 'ಎಸ್' ನಮ್ಮ ನಕಾರದ ಒತ್ತು. ಇನ್ನೂ ಸೋಜಿಗ: 'ಮ' ಎಂಬುದಕ್ಕೆ ಪ್ರತ್ಯೇಕ ಸ್ಥಾನವಿಲ್ಲ. 'ವ'ದ ಮೈಗೆ ತಲೆಕಟ್ಟು ಹೊಂದಿಸಿ ಬಲಕ್ಕೆ ಕೊಂಬು ಅಂಟಿಸಿದರೆ ಕಣ್ಣಿಗೆ 'ಮ' ಆಗುತ್ತದೆ. 'ಯ'ದ ಮೊದಲ ಸುತ್ತು ಸೊನ್ನೆಯಿಂದ ಎರವಲು ತಂದದ್ದು. 'ಸೂರ್ಯ'ದ ಅರ್ಕಾವತ್ತು ಬಾಯಿ ನುಡಿಯುವ ಸ್ಥಾನದಲ್ಲಿಲ್ಲ, ಕಣ್ಣು ಕಾಣುವ ಸ್ಥಾನದಲ್ಲಿ, ಅಂದರೆ 'ಯ'ದ ಬಳಿಕ ಉಳಿಯುತ್ತದೆ. ನಾವು ಬರೆದದ್ದು ನುಡಿಯಲ್ಲ, ನುಡಿಯ ಚಿತ್ರ. ಹುಡುಕಲು ಹೋದರೆ ಗಣಕಕ್ಕೆ ತಿಳಿಯದು. ಅಕಾರಾದಿಯಾಗಿ ಜೋಡಿಸೆಂದರೆ ಇಂಗ್ಲಿಷಿನ ಸಂಖ್ಯೆಗಳ ಕ್ರಮದಲ್ಲಿ ಜೋಡಿಸಿಕೊಡುವುದು.

ಆ ಫಾಂಟು ಇದ್ದಷ್ಟು ಕಾಲ ಎಲ್ಲವೂ ಸೊಗಸು. ಅದಿಲ್ಲದ ಗಣಕದಲ್ಲಿ ತೆರೆದ ಕೂಡಲೆ ತುಂಡುಗಳು ತಮ್ಮ ನಿಜರೂಪಕ್ಕೆ ಮರಳುತ್ತವೆ: ತೆರೆಯ ತುಂಬ ಪೌಂಡು, ಓರೆಗೆರೆ, ಜರ್ಮನ್ 'ಎಸ್'. ಊರಿನ ರಿಪೇರಿ ಅಂಗಡಿಗೆ ಒಯ್ದರೆ ಅಲ್ಲಿನ ಹುಡುಗನಿಗೆ ಕಂಡದ್ದು ಹಾಳಾದ ಡಿಸ್‌ಪ್ಲೇ. ಅವನ ಮದ್ದುಗಳಾದರೂ ಎಷ್ಟು? ಮಾನಿಟರಿನ ವೈರು ಬಿಗಿ ಮಾಡುವುದು, ಗ್ರಾಫಿಕ್ಸ್ ಕಾರ್ಡನ್ನು ಕಿತ್ತು ಮರಳಿ ಕೂರಿಸುವುದು, ಅದರ ಡ್ರೈವರನ್ನು ಹೊಸದಾಗಿ ಹಾಕುವುದು. ಯಾವುದಕ್ಕೂ ಬಗ್ಗದಿದ್ದರೆ ಡಿಸ್ಕನ್ನು ಫಾರ್ಮ್ಯಾಟ್ ಮಾಡಿ ವಿಂಡೋಸನ್ನು ಮತ್ತೆ ಹೂಡುವುದು. ಮರಾಠಿಯವರಿಗೂ ಶಿವಾಜಿ ಮುಂತಾದ ಹಳೆಯ ಫಾಂಟುಗಳಿಂದ ಇದೇ ಪೀಡೆಯಿತ್ತು, ಆದರೆ ಆ ಫಾಂಟುಗಳು ಅಂಗಡಿಯವನ ಸಿಡಿಯಲ್ಲಿಯೇ ಇರುತ್ತಿದ್ದವು. ಕನ್ನಡದ ಫಾಂಟು ಯಾರಲ್ಲಿದೆ? ದಾಖಲೆಗಳನ್ನು ಸಿಡಿಗೆ ತುಂಬಿಸಿಟ್ಟು ಫಾರ್ಮ್ಯಾಟ್ ಮಾಡಿದಾಗ ಕಡತ ಉಳಿಯಿತು, ಫಾಂಟು ಅಳಿಯಿತು. ಬೀಗವನ್ನು ಜೋಪಾನ ಮಾಡಿ ಬೀಗದಕೈಯನ್ನು ಬಾವಿಗೆ ಎಸೆದಂತೆ. ಸಂಘಗಳ ಸ್ಮರಣ ಸಂಚಿಕೆಗಳು, ಯುಗಾದಿಗೆಂದು ಬರೆದ ಕಿರುನಾಟಕಗಳು, ಊರಿನಿಂದ ಬಂದ ಪತ್ರಗಳು, ಸಭೆಯ ನಡಾವಳಿಗಳು ಹೀಗೆ ಮೂಕವಾದದ್ದನ್ನು ನಮ್ಮ ಬಳಗದಲ್ಲಿಯೇ ಹಲವರು ಬಲ್ಲರು.

ಇಲ್ಲೊಂದು ಸರಳ ಪರೀಕ್ಷೆಯನ್ನು ಹೇಳಬೇಕು. ಇಂದಿಗೂ ಅದು ಸಲ್ಲುತ್ತದೆ. ತೆರೆಯ ಮೇಲೆ ಇಂಗ್ಲಿಷ್ ಅಕ್ಷರಗಳೂ ಚಿತ್ರಗಳೂ ಕನ್ನಡದೊಂದಿಗೆ ಕದಡಿದ್ದರೆ, ಗೆರೆಗಳು ಎದ್ದಿದ್ದರೆ, ಬಣ್ಣ ಸೋರಿದ್ದರೆ, ಸಂಶಯವನ್ನು ಕಾರ್ಡು, ಡ್ರೈವರು, ತಂತಿಗಳ ಮೇಲೆ ಇರಿಸಬಹುದು. ಇಂಗ್ಲಿಷ್ ನೆಟ್ಟಗಿದ್ದು ಕನ್ನಡವೊಂದೇ ಕೆಟ್ಟಿದ್ದರೆ ಯಂತ್ರಾಂಶಕ್ಕೆ ಕೈ ಹಚ್ಚುವುದು ವ್ಯರ್ಥ. ಏಕೆಂದರೆ ತೆರೆಗೆ ತಲುಪುವ ಹೊತ್ತಿಗೆ ಅಕ್ಷರಗಳೆಲ್ಲ ಬರಿಯ ಬಿಂದುಗಳು, ಬಿಂದುವಿಗೆ ಭಾಷೆಯಿಲ್ಲ.

ಹಳಿಗಳನ್ನು ಒಂದು ಅಳತೆಗೆ ತರುವ ಕೆಲಸ ಆ ವೇಳೆಗಾಗಲೇ ಬೇರೆಡೆ ಆರಂಭವಾಗಿತ್ತು. 1991ರಲ್ಲಿ ಪ್ರಕಟವಾದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಇಸ್ಕಿಯ ಜಾಡಿನಲ್ಲಿ 128 ಸ್ಥಾನಗಳ ಪಾಲು ದೊರೆತಿತ್ತು. ಅಲ್ಲಿ ಒತ್ತುಗಳಿಲ್ಲ, ತಲೆಕಟ್ಟಿಲ್ಲ, ಅರ್ಕಾವತ್ತಿಲ್ಲ. ಸ್ವರ, ವ್ಯಂಜನ, ಸ್ವರಚಿಹ್ನೆ, ಹಲಂತ ಮುಂತಾದವು ಮಾತ್ರ. 'ಸ್ತ್ರೀ' ಎಂಬುದು ಆರು ಸಂಕೇತಗಳ ಸರಣಿ: ಸಕಾರ, ಹಲಂತ, ತಕಾರ, ಹಲಂತ, ರಕಾರ, ಈಕಾರದ ಚಿಹ್ನೆ. ಬಾಯಿ ನುಡಿಯುವ ಕ್ರಮದಲ್ಲಿಯೇ ಅವು ಉಳಿಯುತ್ತವೆ. ಆದರೆ ತೆರೆಯ ಮೇಲೆ ಕೊನೆಯ ಈಕಾರ ಮುಂದಕ್ಕೆ ಓಡಿ ಸಕಾರದ ನೆತ್ತಿಗೇರಬೇಕು, ತಕಾರವೂ ರಕಾರವೂ ಕುಗ್ಗಿ ಕೆಳಗಿಳಿಯಬೇಕು. ಇದನ್ನು ಮಾಡುವವರು ಯಾರು? ಫಾಂಟಿನೊಳಗೆ ಬರೆದಿಟ್ಟ ನಿಯಮಗಳು, ಅವುಗಳನ್ನು ಓದಿ ನಡೆಸುವ ಇನ್ನೊಂದು ತಂತ್ರಾಂಶ. ಎರಡೂ ಇರಬೇಕು, ಒಂದಿದ್ದು ಒಂದಿಲ್ಲವಾದರೆ ಹೊಸ ಬಗೆಯ ವಿಕಾರ.

ವಿಂಡೋಸ್ 2000ದಲ್ಲಿ ದೇವನಾಗರಿಗೂ ತಮಿಳಿಗೂ ಈ ಸೌಲಭ್ಯ ಬಂದಿತ್ತು, ಕನ್ನಡಕ್ಕಲ್ಲ. ನಮ್ಮ ಸರದಿ ಬಂದದ್ದು 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ, 'ತುಂಗಾ' ಎಂಬ ಫಾಂಟಿನೊಡನೆ. ಅದರ ವಿನ್ಯಾಸದ ಹಿಂದೆ ಇದ್ದವರು ಮುಂಬಯಿಯ ಲಿಪಿಕಲಾವಿದ ರಘುನಾಥ ಜೋಶಿಯವರು. ಮಹಾರಾಷ್ಟ್ರದಲ್ಲಿ ಕುಳಿತು ಕನ್ನಡದ ದುಂಡನ್ನು ತಿದ್ದಿದ ಅವರನ್ನು ಇಲ್ಲಿಯ ಕನ್ನಡಿಗರು ವಿಶೇಷವಾಗಿ ನೆನೆಯಬೇಕು. ಆದರೂ ಎಕ್ಸ್‌ಪಿ ಕನ್ನಡವನ್ನು ತಾನಾಗಿ ತೋರಿಸುತ್ತಿರಲಿಲ್ಲ. ಕಂಟ್ರೋಲ್ ಪ್ಯಾನೆಲ್ಲಿನ ಪ್ರಾದೇಶಿಕ ಭಾಷೆಗಳ ಕಿಟಕಿಯಲ್ಲಿ ಕ್ಲಿಷ್ಟ ಲಿಪಿಗಳ ಕಡತಗಳನ್ನು ಹೂಡಬೇಕೆಂದು ಗುರುತು ಹಾಕಿ, ವಿಂಡೋಸಿನ ಮೂಲ ಸಿಡಿಯನ್ನು ಒಳಗಿಡಬೇಕಿತ್ತು. ಮೂಲ ಸಿಡಿ ಎಷ್ಟು ಮನೆಗಳಲ್ಲಿತ್ತೆಂಬುದನ್ನು ವಾಚಕರ ಊಹೆಗೇ ಬಿಡುತ್ತೇವೆ. ಸಿಡಿಯಿಲ್ಲದವರು ಎಲ್ಲಿಂದಲೋ ಫಾಂಟನ್ನಷ್ಟೇ ತಂದು ಹಾಕಿಕೊಂಡರು. ಆಗ ಕನ್ನಡದ ಅಕ್ಷರಗಳೇನೋ ಮೂಡಿದವು, ಆದರೆ ಕೂಡಲಿಲ್ಲ: 'ಸ'ದ ಪಕ್ಕ ಹಲಂತ, 'ತ'ದ ಪಕ್ಕ ಹಲಂತ, ಒತ್ತುಗಳೆಲ್ಲ ಮೇಲೆದ್ದು ಸಾಲಿನಲ್ಲಿ ನಿಂತವು, ನೆಲೆ ಸಿಗದ ಸ್ವರಚಿಹ್ನೆಗಳು ಚುಕ್ಕಿಗಳ ವೃತ್ತವೊಂದನ್ನು ತಬ್ಬಿ ಕುಳಿತವು.

ಹೀಗೆ ಕೆಟ್ಟ ತೆರೆಯನ್ನು ನೋಡಿಯೇ ಅದು ಯಾವ ಯುಗದ ರೋಗವೆಂದು ಹೇಳಬಹುದು. ಪೌಂಡು, ಓರೆಗೆರೆಗಳ ಗೋಜಲು ತೊಂಬತ್ತರ ದಶಕದ್ದು. ಚುಕ್ಕಿವೃತ್ತ ಎಕ್ಸ್‌ಪಿಯ ಕಾಲದ್ದು. ಬರಿಯ ಚೌಕಗಳು ಕಂಡರೆ ಬರಹ ಸರಿಯಿದೆ, ಫಾಂಟಿಲ್ಲ ಎಂದರ್ಥ. ಸಣ್ಣ 'ಎ'ಯ ಮೇಲೆ ಓರೆಗೆರೆ, ಅದರ ಹೆಗಲ ಮೇಲೆ ಪುಟ್ಟ 2 ಅಥವಾ 3, ಇದೇ ಜೋಡಿ ಸಾಲುದ್ದಕ್ಕೂ ಮರುಕಳಿಸಿದರೆ ಅದು ಬೇರೆಯದೇ ಕಥೆ: ಒಂದೊಂದು ಕನ್ನಡ ಸಂಕೇತವನ್ನೂ ಮೂರು ಬೈಟುಗಳಲ್ಲಿ ಕಳಿಸುವ ಯುಟಿಎಫ್-8 ಬರಹವನ್ನು ಬ್ರೌಸರು ಐರೋಪ್ಯ ಬರಹವೆಂದು ತಪ್ಪಾಗಿ ಓದಿದೆ. ಬ್ರೌಸರಿನ ಎನ್‌ಕೋಡಿಂಗ್ ಬದಲಿಸಿದರೆ ಕನ್ನಡ ಮರಳಿ ಮೂಡುತ್ತದೆ. ನಮ್ಮ ದೃಷ್ಟಿಯಲ್ಲಿ ಇದು ಇರುವ ರೋಗಗಳಲ್ಲೆಲ್ಲ ಸಜ್ಜನ ರೋಗ.

ಫಾಂಟು, ನಿಯಮ ಎರಡೂ ಕೂಡಿಬಂದ ಮೇಲೆಯೂ ಒತ್ತಿನ ಕಷ್ಟ ಮುಗಿಯಲಿಲ್ಲ. 12 ಪಾಯಿಂಟಿನ ಅಕ್ಷರಕ್ಕೆ ಸಾಧಾರಣ ತೆರೆಯಲ್ಲಿ 16 ಬಿಂದುಗಳ ಎತ್ತರ ಸಿಗುತ್ತದೆ. ಗುಡಿಸಿಗೂ ಮೈಗೂ ಕೊಟ್ಟು ಉಳಿದ ಕೆಲವೇ ಬಿಂದುಗಳಲ್ಲಿ ಒತ್ತು ಮೂಡಬೇಕು. ವಯಸ್ಸಾದವರು ಕನ್ನಡಕ ಒರೆಸಿ ಒರೆಸಿ ನೋಡಿದ್ದು ಅದನ್ನೇ. ಅಂಚುಗಳನ್ನು ನಯಗೊಳಿಸುವ ಕ್ಲಿಯರ್‌ಟೈಪ್ ಎಕ್ಸ್‌ಪಿಯಲ್ಲಿ ಇತ್ತು, ಆದರೆ ಆರಿಸಿಕೊಳ್ಳದೆ ಚಾಲನೆಗೊಳ್ಳುತ್ತಿರಲಿಲ್ಲ. ಇಂಗ್ಲಿಷಿನ ಸಾಲಿನೆತ್ತರಕ್ಕೆ ಕಡೆದ ಮೆನುಗಳಲ್ಲಿ ಒತ್ತಿನ ಕೆಳತುದಿ ಕತ್ತರಿಸಿ ಹೋಗುತ್ತಿತ್ತು. 'ರ‍್ಯಾಂಕ್' ಎಂದು ಬರೆಯಬೇಕಾದಲ್ಲಿ ಅರ್ಕಾವತ್ತು ನುಗ್ಗಿ 'ರ್ಯಾಂಕ್' ಆಗುವುದನ್ನು ತಡೆಯಲು ಕಣ್ಣಿಗೆ ಕಾಣದ ಜೋಡಕ ಸಂಕೇತವೊಂದನ್ನು ನಡುವೆ ಇಡಬೇಕು. 'ರಾಜ್‌ಕುಮಾರ್' ಒತ್ತಾಗಿ ಕುಸಿಯದಂತೆ ಹಿಡಿಯಲು ಇನ್ನೊಂದು, ಬೇರ್ಪಡಿಸುವ ಸಂಕೇತ ಬೇಕು. ಕಾಣದ ಅಕ್ಷರಗಳನ್ನು ಬೆರಳಿಗೆ ಕಲಿಸಬೇಕಾಗಿ ಬಂದದ್ದು ಕನ್ನಡದ ಸುಮಾರು ಒಂದೂವರೆ ಸಾವಿರ ವರ್ಷಗಳ ಬರಹದಲ್ಲಿ ಇದೇ ಮೊದಲಿರಬೇಕು.

ಉಳಿದದ್ದು ಬೇಗ ನಡೆಯಿತು. 2003ರಲ್ಲಿ ಕನ್ನಡ ವಿಕಿಪೀಡಿಯ ಆರಂಭವಾಯಿತು. ಲಿನಕ್ಸಿಗಾಗಿ ಗಣಕ ಪರಿಷತ್ತಿನ ಕೇದಗೆ, ಮಲ್ಲಿಗೆ ಫಾಂಟುಗಳು ಮುಕ್ತವಾಗಿ ದೊರೆತವು. ವಿಸ್ತಾದಿಂದ ಮೊದಲ್ಗೊಂಡು ಸಿಡಿಯ ಹಂಗಿಲ್ಲದೆ ಕನ್ನಡ ಮೂಡಿತು. ಆ ಹೊತ್ತಿಗೆ ಜನ ಫೋನುಗಳತ್ತ ಹೊರಳಿದರು, ಚೌಕಗಳು ಅಲ್ಲಿ ಮತ್ತೆ ಹುಟ್ಟಿದವು. ಆಂಡ್ರಾಯ್ಡ್ ಕನ್ನಡಕ್ಕೆ ಬೆಂಬಲ ಕೊಟ್ಟದ್ದು 2012ರ 4.1ನೆಯ ಆವೃತ್ತಿಯಲ್ಲಿ, ತೆಲುಗು ಮಲಯಾಳಗಳ ಜೊತೆಗೆ. ಲಿಪಿಗಳನ್ನು ಕೂಡಿಸುವ ಕೆಲಸ ಇಂದಿಗೂ ಎಷ್ಟು ನಾಜೂಕಾದದ್ದೆಂಬುದಕ್ಕೆ 2018ರ ಫೆಬ್ರವರಿಯ ಪ್ರಸಂಗವೇ ಸಾಕ್ಷಿ: ನಮ್ಮ ಸೋದರ ಲಿಪಿಯಾದ ತೆಲುಗಿನ ಒಂದೇ ಒಂದು ಒತ್ತಕ್ಷರದ ಸಂಯೋಗವನ್ನು ತೋರಿಸಲು ಹೋಗಿ ಐಫೋನಿನ ಆಪ್‌ಗಳು ಕುಸಿದುಬಿದ್ದವು, ಆಪಲ್ ಸಂಸ್ಥೆ ಅದಕ್ಕಾಗಿಯೇ ತಿದ್ದುಪಡಿಯನ್ನು ಹೊರಡಿಸಬೇಕಾಯಿತು.

ಈಗ ಉಳಿದಿರುವುದು ಹಳೆಯ ಸಿಡಿಗಳ ಪ್ರಶ್ನೆ. ಪರಿವರ್ತಕ ತಂತ್ರಾಂಶಗಳು ಹಲವಿವೆ. ವರ್ಡ್ ಕಡತವಾದರೆ ತೆರೆದು, ಕಾಣುವ ಗೋಜಲನ್ನು ಲೆಕ್ಕಿಸದೆ, ಫಾಂಟಿನ ಪಟ್ಟಿಯಲ್ಲಿ ಯಾವ ಹೆಸರಿದೆಯೆಂದು ಮೊದಲು ನೋಡಬೇಕು. ಅದೇ ಕಳೆದ ಬೀಗದಕೈಯ ಗುರುತು. 'ನುಡಿ' ಅಥವಾ 'ಬಿಆರ್‌ಎಚ್' ಎಂದಿದ್ದರೆ ದಾರಿ ಸುಗಮ, ಶ್ರೀಲಿಪಿಯಾದರೆ ಅದಕ್ಕೆ ತಕ್ಕ ಪರಿವರ್ತಕ ಬೇಕು. ಬರಹವನ್ನು ನಕಲಿಸಿ ಸಾದಾ ಪಠ್ಯವಾಗಿ ಅಂಟಿಸಿದ ಕೂಡಲೆ ಫಾಂಟಿನ ಹೆಸರು ಅಳಿಯುತ್ತದೆ, ಆದ್ದರಿಂದ ಮೂಲ ಕಡತವನ್ನು ಮುಟ್ಟದೆ ಪ್ರತಿಯೊಂದರ ಮೇಲೆಯೇ ಕೆಲಸ ಮಾಡುವುದು ಲೇಸು. ಬರಹದ ನಡುವೆ ಬಂದ ಇಂಗ್ಲಿಷ್ ಹೆಸರುಗಳನ್ನೂ ಪರಿವರ್ತಕ ಕನ್ನಡದ ತುಂಡುಗಳೆಂದೇ ತಿಳಿದು ಅರ್ಥವಿಲ್ಲದ ಅಕ್ಷರಗಳಾಗಿ ಹೆಣೆಯುತ್ತದೆ. ವಿಳಾಸ, ದಾನಿಗಳ ಪಟ್ಟಿಗಳಲ್ಲಿ ಇದನ್ನು ವಿಶೇಷವಾಗಿ ಗಮನಿಸಬೇಕು. ಫಾಂಟನ್ನು ಒಳಗೇ ಹುದುಗಿಸಿಕೊಂಡ ಪಿಡಿಎಫ್ ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ, ನಕಲಿಸಿದರೆ ಅದೇ ಪೌಂಡು ಅದೇ ಓರೆಗೆರೆ. ಪೇಜ್‌ಮೇಕರಿನ ಕಡತಗಳ ಪಾಡು ಎಲ್ಲಕ್ಕಿಂತ ಕಷ್ಟ, ಏಕೆಂದರೆ ಆ ತಂತ್ರಾಂಶವೇ ಬಳಕೆಯಿಂದ ಹೋಗಿದೆ. ಅವುಗಳ ಮುದ್ರಿತ ಪ್ರತಿ ಸಿಕ್ಕಿದರೆ ಸ್ಕ್ಯಾನ್ ಮಾಡಿ ಅಕ್ಷರ ಗುರುತಿಸುವ ತಂತ್ರಾಂಶಕ್ಕೆ ಕೊಡುವುದೇ ಹತ್ತಿರದ ದಾರಿ. ಯಾವ ದಾರಿಯಲ್ಲಿ ಬಂದರೂ ಕರಡು ತಿದ್ದಲು ಕನ್ನಡ ಬಲ್ಲವರೊಬ್ಬರು ಕೂರಲೇಬೇಕು, ಅದರಲ್ಲಿಯೂ ಅರ್ಕಾವತ್ತುಗಳನ್ನು ಒಂದೊಂದಾಗಿ ನೋಡಬೇಕು: ಹಳೆಯ ಕಡತದಲ್ಲಿ ಅವು ಅಕ್ಷರದ ಹಿಂದೆ ಇದ್ದವು, ಹೊಸದರಲ್ಲಿ ಮುಂದೆ ಬರಬೇಕು, ಆ ದಾಟುವಿಕೆಯಲ್ಲಿ ಪರಿವರ್ತಕಗಳು ಎಡವುವುದುಂಟು.